ಚೀಲ ತೆಗೆದ ಮೇಲೆ: ಪಶು ಆಹಾರ ಕಾರ್ಖಾನೆಯೊಂದರ ಯಾಂತ್ರೀಕರಣದ ಅನುಭವ

ರಾಣೆಬೆನ್ನೂರಿನ ಸುತ್ತಮುತ್ತಲಿನ ಒಂದು ಪಶು ಆಹಾರ ಕಾರ್ಖಾನೆಯಲ್ಲಿ ನಾನು ಪ್ಲಾಂಟ್ ಎಂಜಿನಿಯರ್. ಗಂಟೆಗೆ 10 ಟನ್ ಫೀಡ್ ತೆಗೆಯುವ ಮಧ್ಯಮ ಗಾತ್ರದ ಘಟಕ, ಎರಡು ಪಾಳಿ. ಪೂರ್ತಿ ನಡೆದರೆ ದಿನಕ್ಕೆ 160 ಟನ್. ಟ್ಯಾಂಕರಿನಲ್ಲಿ ಬರುವ ಕಾಕಂಬಿ ಒಂದನ್ನು ಬಿಟ್ಟರೆ ಉಳಿದದ್ದೆಲ್ಲ ಚೀಲದಲ್ಲೇ ಬರುತ್ತಿತ್ತು. ಗೋವಿನಜೋಳ, ಎಣ್ಣೆ ತೆಗೆದ ತೌಡು, ಹತ್ತಿಕಾಳು ಹಿಂಡಿ, ಸಾಸಿವೆ ಹಿಂಡಿ, ಕ್ಯಾಲ್ಸೈಟ್ ಪುಡಿ, ಉಪ್ಪು, ಯೂರಿಯಾ, ಖನಿಜ ಮಿಶ್ರಣ. ಲೆಕ್ಕ ಹಾಕಿದರೆ ದಿನಕ್ಕೆ ಎರಡೂವರೆ ಸಾವಿರಕ್ಕೂ ಮೇಲ್ಪಟ್ಟು ಚೀಲ. ಪ್ರತಿ ಚೀಲವೂ ಕನಿಷ್ಠ ಎರಡು ಸಲ ಬೆನ್ನೇರಬೇಕು: ಲಾರಿಯಿಂದ ಗೋದಾಮಿಗೆ ಒಮ್ಮೆ, ಗೋದಾಮಿನಿಂದ ಹಾಪರ್ (ಯಂತ್ರಕ್ಕೆ ಸರಕು ಸುರಿಯುವ ದೊಡ್ಡ ಆಲಿಕೆ) ಬಾಯಿಗೆ ಇನ್ನೊಮ್ಮೆ.

ಇದನ್ನು ಯಂತ್ರಕ್ಕೆ ಒಪ್ಪಿಸಬೇಕು ಎಂಬ ಮಾತು ಮಾಲೀಕರ ಬಾಯಲ್ಲಿ ವರ್ಷಗಳಿಂದ ಇತ್ತು. ಗಟ್ಟಿಯಾದದ್ದು ಸುಗ್ಗಿಯ ಕಾರಣಕ್ಕೆ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಗೋವಿನಜೋಳ ಅಗ್ಗವಾಗಿ ಸಿಗುವ ಕಾಲ. ನಾವು ಖರೀದಿಸಿ ತುಂಬಿಟ್ಟುಕೊಳ್ಳಬೇಕಾದ ಹೊತ್ತು. ಅದೇ ಹೊತ್ತಿಗೆ ಎಪಿಎಂಸಿಯಲ್ಲಿ ಹಮಾಲರಿಗೆ ಕೈತುಂಬ ಕೆಲಸ. ನಮ್ಮ ಗೇಟಿನ ಹೊರಗೆ ಲಾರಿ ಸಾಲುಗಟ್ಟಿ ನಿಲ್ಲುತ್ತಿದ್ದವು, ನಿಂತ ದಿನಕ್ಕೆ ಬಾಡಿಗೆ ಬೇರೆ ಏರುತ್ತಿತ್ತು. ಕಡೆಗೆ ಹಣ ಮಂಜೂರಾಯಿತು. ಗೋವಿನಜೋಳಕ್ಕೆ ಸೈಲೊ ಎಂಬ ತಗಡಿನ ದೊಡ್ಡ ಕಣಜ, ತೌಡು ಮತ್ತು ಹಿಂಡಿಗಳಿಗೆ ಬಿನ್ ಎಂಬ ಚಿಕ್ಕ ತೊಟ್ಟಿ, ಒಂದೊಂದು ಸಲದ ಮಿಶ್ರಣವನ್ನು (ಬ್ಯಾಚ್) ತೂಗಲು ಲೋಡ್ ಸೆಲ್ (ಭಾರ ಅಳೆಯುವ ಸೆನ್ಸರ್) ಮೇಲೆ ಕೂರುವ ಬ್ಯಾಚ್ ಹಾಪರ್, ಎಲ್ಲವನ್ನೂ ನಡೆಸಲು ಪಿಎಲ್‌ಸಿ ಎಂಬ ಕಾರ್ಖಾನೆಯ ಕಂಪ್ಯೂಟರ್.

ಬಂದ ಕೊಟೇಶನ್‌ಗಳಲ್ಲಿ ಒಂದು ಕಂಪನಿಯವರು ಎಲ್ಲವನ್ನೂ ಗಾಳಿಯಲ್ಲೇ ಪೈಪಿನೊಳಗೆ ಸಾಗಿಸುವ ಪ್ರಸ್ತಾಪ ತಂದಿದ್ದರು. ನೋಡಲು ಬಹಳ ಚೆಂದ. ಎಲ್ಲೂ ಧೂಳಿಲ್ಲ, ಪೈಪು ಬೇಕಾದಲ್ಲಿ ಬಗ್ಗುತ್ತದೆ. ಆದರೆ ಅದೇ ಟನ್ನನ್ನು ಅಷ್ಟೇ ದೂರ ಒಯ್ಯಲು ಚೈನ್ ಕನ್ವೇಯರ್ (ಸರಪಳಿಯಿಂದ ಎಳೆದೊಯ್ಯುವ ಸಾಧನ) ಮತ್ತು ಬಕೆಟ್ ಎಲಿವೇಟರ್ (ಬೆಲ್ಟಿಗೆ ಕಟ್ಟಿದ ಬಕೆಟ್‌ಗಳಲ್ಲಿ ಮೇಲೆತ್ತುವ ಸಾಧನ) ತಿನ್ನುವ ಕರೆಂಟಿನ ಹಲವು ಪಟ್ಟು ಅದಕ್ಕೆ ಬೇಕು. ಕಾಳು ಬಾಗುಗಳಲ್ಲಿ ಬಡಿದು ಒಡೆಯುತ್ತದೆ ಕೂಡ. ನಮ್ಮಂತಹ ಕಡಿಮೆ ಲಾಭದ ಸರಕಿಗೆ ಅದು ಸಲ್ಲದು ಎಂದು ಮೊದಲ ಸಭೆಯಲ್ಲೇ ಬಿಟ್ಟೆವು. ಹಳೆಯ ಕ್ರಮವೇ ಸಾಕು: ನೆಲದಲ್ಲೊಂದು ಗುಂಡಿ, ಅದರ ಮೇಲೆ ಕಬ್ಬಿಣದ ಜಾಲರಿ, ಕೆಳಗೆ ಚೈನ್ ಕನ್ವೇಯರ್, ಅಲ್ಲಿಂದ ಎಲಿವೇಟರ್, ಜರಡಿ, ಮ್ಯಾಗ್ನೆಟ್, ಸೈಲೊ.

ಗುಂಡಿ, ಫೌಂಡೇಶನ್, ಶೆಡ್ಡಿನ ಮಾಡು ಎತ್ತರಿಸಿದ್ದು, ಇವುಗಳ ಕಥೆ ಎಲ್ಲ ಕಾರ್ಖಾನೆಯಲ್ಲೂ ಒಂದೇ. ಮಳೆಗಾಲದಲ್ಲಿ ಗುಂಡಿಗೆ ನೀರು ಒಸರುತ್ತದೆ, ಪಂಪು ಇಡಬೇಕು. ಅಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ಮೊದಲ ಪಾಠ ಕಲಿಸಿದ್ದು ತೌಡು. ಯಂತ್ರ ಪೂರೈಸಿದವರು ಗೋವಿನಜೋಳಕ್ಕೂ ತೌಡಿಗೂ ಹೆಚ್ಚುಕಡಿಮೆ ಒಂದೇ ನಮೂನೆಯ ಬಿನ್ ಬರೆದುಕೊಟ್ಟಿದ್ದರು: ಮೇಲೆ ಉರುಳೆ, ಕೆಳಗೆ ಶಂಕುವಿನಾಕಾರ, ತುದಿಯಲ್ಲಿ ಒಂದು ಅಡಿಯಷ್ಟು ಬಾಯಿ. ಡ್ರಾಯಿಂಗ್ ಗೋಡೆಗೆ ಅಂಟಿಸಿದ ದಿನ ಹಮಾಲರ ಮುಕಾದಮ (ಮೇಸ್ತ್ರಿ) ಕಾಕಾ ಅದನ್ನು ಬಹಳ ಹೊತ್ತು ನೋಡಿ, "ಸರ, ತೌಡು ಕಾಳಿನಂಗ ಹರಿಯೂದಿಲ್ರಿ. ಒಂದ್ ರಾತ್ರಿ ಬಿಟ್ರ ಗೋಡಿ ಆಗಿ ಕುಂದರತೈತಿ" ಅಂದರು. ನಾನು ಆ ಮಾತನ್ನು ಪೂರೈಕೆದಾರರಿಗೆ ಬರೆದು ಕಳಿಸಿದೆ. ಬಿನ್ನಿಗೆ ಕಂಪಿಸುವ ಮೋಟರ್ ಹಾಕುತ್ತೇವೆ, ಚಿಂತೆ ಬೇಡ ಎಂದು ಉತ್ತರ ಬಂತು.

ದೀಪಾವಳಿ ರಜೆ ಕಳೆದು ಬಂದಾಗ ಬಿನ್ ತುಂಬ ತೌಡು, ಕೆಳಗೆ ಸರಕನ್ನು ಹೊರಗೆ ದೂಡುವ ಸ್ಕ್ರೂ ಮಾತ್ರ ಖಾಲಿ ತಿರುಗುತ್ತಿತ್ತು. ಬಾಯಿಯ ಮೇಲೆ ತೌಡು ಕಮಾನು ಕಟ್ಟಿ ನಿಂತುಬಿಟ್ಟಿತ್ತು. ಕಂಪಿಸುವ ಮೋಟರ್ ಚಾಲೂ ಮಾಡಿದರೆ ಅದು ಇನ್ನಷ್ಟು ಅದುಮಿ ಗಟ್ಟಿಯಾಯಿತು. ನಂತರ ಆಪರೇಟರ್‌ಗಳು ಸುತ್ತಿಗೆ ಎತ್ತಿಕೊಂಡರು. ಒಂದು ತಿಂಗಳಲ್ಲಿ ಆ ಶಂಕುವಿನ ಮೈಯೆಲ್ಲ ತಗ್ಗು ಬಿದ್ದಿತ್ತು. ಹೊರಗಿನಿಂದ ತಗ್ಗು ಅಂದರೆ ಒಳಗಿನಿಂದ ಉಬ್ಬು. ಆ ಉಬ್ಬಿನ ಮೇಲೆ ತೌಡು ಕೂರಲು ಹೊಸ ಜಾಗ. ಬಡಿದಷ್ಟೂ ಅಂಟುತ್ತದೆ, ಅಂಟಿದಷ್ಟೂ ಬಡಿಯುತ್ತಾರೆ. ಯಾವುದೇ ಕಾರ್ಖಾನೆಗೆ ಹೋದರೂ ಬಿನ್ನಿನ ಮೇಲಿನ ಸುತ್ತಿಗೆ ಗುರುತು ನೋಡಿ, ಅದರ ವಿನ್ಯಾಸ ಹೇಗಿದೆಯೆಂದು ಹೇಳಬಹುದು.

ಕಾಳು ಮತ್ತು ಪುಡಿಯ ವ್ಯತ್ಯಾಸ ಇಲ್ಲಿದೆ. ಗೋವಿನಜೋಳದ ಕಾಳುಗಳು ಒಂದಕ್ಕೊಂದು ಅಂಟುವುದಿಲ್ಲ. ಘನ ಮೀಟರಿಗೆ 700 ಕಿಲೊ ಮೇಲ್ಪಟ್ಟು ತೂಗುತ್ತವೆ, ತಮ್ಮ ಭಾರಕ್ಕೆ ತಾವೇ ಇಳಿಯುತ್ತವೆ. ತೌಡು ಅದರ ಅರ್ಧದಷ್ಟು ಹಗುರ. ಮೇಲಿನ ಒತ್ತಡ ಬಿದ್ದಂತೆ ಕಣಗಳು ಒಂದನ್ನೊಂದು ಹಿಡಿದುಕೊಳ್ಳುತ್ತವೆ, ಆ ಹಿಡಿತಕ್ಕೆ ಒಂದು ಬಲವಿದೆ. ಬಾಯಿ ಎಷ್ಟು ಅಗಲವಿದ್ದರೆ ಆ ಬಲ ಸೋತು ಕಮಾನು ಮುರಿಯುತ್ತದೆ, ಗೋಡೆ ಎಷ್ಟು ಕಡಿದಾಗಿದ್ದರೆ ಸರಕು ಗೋಡೆಗುಂಟ ಜಾರುತ್ತದೆ, ಇದನ್ನು ಅಂದಾಜಿಗೆ ಬಿಡದೆ ಅಳೆದು ಲೆಕ್ಕ ಹಾಕುವ ದಾರಿಯನ್ನು ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಆಂಡ್ರ್ಯೂ ಜೆನಿಕೆ ಎಂಬವರು 1960ರ ದಶಕದಲ್ಲೇ ತೋರಿಸಿಕೊಟ್ಟಿದ್ದಾರೆ. ಪುಡಿಯನ್ನು ಒಂದು ಉಂಗುರದೊಳಗೆ ಅದುಮಿ, ಮೇಲಿನ ಭಾಗವನ್ನು ಅಡ್ಡಕ್ಕೆ ಸರಿಸಿ, ಸರಿಸಲು ಎಷ್ಟು ಬಲ ಬೇಕಾಯಿತೆಂದು ನೋಡುವ ಪರೀಕ್ಷೆ. ಇದು ಗೊತ್ತಿದ್ದೂ ಒಂದು ಚೀಲ ತೌಡನ್ನು ಪರೀಕ್ಷೆಗೆ ಕಳಿಸದೆ ಲಕ್ಷಾಂತರ ರೂಪಾಯಿಯ ಬಿನ್ ಕಟ್ಟುವ ಪೂರೈಕೆದಾರರು ಇನ್ನೂ ಇದ್ದಾರೆ ಎಂಬುದೇ ನನ್ನ ಸಿಟ್ಟು.

ಎರಡನೆಯ ಬಿನ್ ಚೌಕ ಮೈಯದು. ಕೆಳಗೆ ದುಂಡು ಬಾಯಿಯ ಬದಲು ಉದ್ದನೆಯ ಸೀಳು ಬಾಯಿ. ಸೀಳಾದರೆ, ಕಮಾನು ಕಟ್ಟದಿರಲು ದುಂಡು ಬಾಯಿಯ ಅಡ್ಡಳತೆಯ ಸುಮಾರು ಅರ್ಧದಷ್ಟು ಅಗಲವಿದ್ದರೂ ಸಾಕಾಗುತ್ತದೆ. ಗೋಡೆಗಳು ಬಹಳ ಕಡಿದು, ಒಳಮೈಗೆ ನುಣುಪಾದ ಸ್ಟೀಲ್ ತಗಡು. ಆ ಸೀಳಿನುದ್ದಕ್ಕೂ ಕೆಳಗೆ ಜೋಡಿ ಸ್ಕ್ರೂ. ಈ ಸ್ಕ್ರೂವಿನಲ್ಲೂ ಒಂದು ಸೂಕ್ಷ್ಮವಿದೆ. ಉದ್ದಕ್ಕೂ ಒಂದೇ ಅಂತರದ ಸುತ್ತುಗಳಿದ್ದರೆ ಹಿಂದಿನ ತುದಿಯಲ್ಲೇ ಸುತ್ತು ತುಂಬಿಹೋಗುತ್ತದೆ, ಮುಂದಿನ ಭಾಗಕ್ಕೆ ತೌಡು ಇಳಿಯಲು ಜಾಗವೇ ಇರುವುದಿಲ್ಲ. ಬಾಯಿ ಆರಡಿ ಉದ್ದವಿದ್ದರೂ ಕೆಲಸ ಮಾಡುವುದು ಹಿಂದಿನ ಒಂದಡಿ. ಉಳಿದ ಐದಡಿಯಲ್ಲಿ ತೌಡು ಅಲ್ಲಾಡದೆ ಗಟ್ಟಿಯಾಗುತ್ತ ಕೂರುತ್ತದೆ. ಅದಕ್ಕೆ ಸುತ್ತುಗಳ ಅಂತರ ಮುಂದೆ ಹೋದಂತೆ ಹೆಚ್ಚುತ್ತ ಹೋಗಬೇಕು. ಆಗ ಪ್ರತಿ ಸುತ್ತೂ ತನ್ನ ಪಾಲಿನ ತೌಡನ್ನು ಎಳೆದುಕೊಳ್ಳುತ್ತದೆ, ಬಿನ್ನಿನೊಳಗಿನ ಮಟ್ಟ ಸಮನಾಗಿ ಇಳಿಯುತ್ತದೆ. ಹೊಸ ಬಿನ್ ಕೂರಿಸಿ ಮೇಲಿನಿಂದ ಟಾರ್ಚ್ ಬಿಟ್ಟು ನೋಡಿದಾಗ ತೌಡಿನ ಮೇಲ್ಮೈ ಇಡಿಯಾಗಿ ಇಳಿಯುತ್ತಿತ್ತು. ಕಾಕಾ ಕೂಡ ಏಣಿ ಹತ್ತಿ ಬಂದು ನೋಡಿದರು. ಆದರೂ ಅವರ ಮಾತನ್ನು ನಾವು ನಿಯಮವಾಗಿ ಬರೆದು ಅಂಟಿಸಿದ್ದೇವೆ: ರಜೆಗೆ ಮುಂಚೆ ತೌಡಿನ ಬಿನ್ ಖಾಲಿ ಮಾಡಬೇಕು.

ಯಂತ್ರದ ಸಮಸ್ಯೆಗಳು ಹೀಗೆ ಕಣ್ಣಿಗೆ ಕಾಣುತ್ತವೆ, ಬಡಿದಾಡಿ ಸರಿಮಾಡಬಹುದು. ನಮ್ಮನ್ನು ಹೆಚ್ಚು ಸತಾಯಿಸಿದ್ದು ಕಾಣದ ಇನ್ನೊಂದು ಸಂಗತಿ. ಚೀಲ ಬರೀ ಸರಕು ತುಂಬುವ ಸಾಧನ ಅಂದುಕೊಂಡು ನಾವು ಅದನ್ನು ತೆಗೆದಿದ್ದೆವು. ತೆಗೆದ ಮೇಲೆ ನೋಡಿದರೆ ಅದು ಸದ್ದಿಲ್ಲದೆ ಇನ್ನೂ ಹತ್ತು ಕೆಲಸ ಮಾಡುತ್ತಿತ್ತು, ಯಾವುದನ್ನೂ ಯಾವ ಪ್ರಾಜೆಕ್ಟ್ ವರದಿಯಲ್ಲೂ ಯಾರೂ ಬರೆದಿರಲಿಲ್ಲ.

ಮೊದಲನೆಯದು ಎಣಿಕೆ. ಮೊದಲು ತಿಂಗಳ ಕೊನೆಗೆ ಅಕೌಂಟ್ಸ್‌ನವರು ಗೋದಾಮಿಗೆ ಬಂದು ಪೇರಿಸಿಟ್ಟ ಚೀಲಗಳ ಥಪ್ಪಿ ಎಣಿಸಿ, ಚೀಲಕ್ಕಿಷ್ಟು ಕಿಲೊ ಎಂದು ಗುಣಿಸಿ ಸ್ಟಾಕ್ ಬರೆದುಕೊಂಡು ಹೋಗುತ್ತಿದ್ದರು. ಈಗ ಸೈಲೊ ಮುಂದೆ ನಿಂತು, "ಒಳಗ ಎಷ್ಟು ಐತ್ರಿ?" ಅಂತ ಕೇಳಿದರು. ಮೇಲೆ ರಾಡಾರ್ ಸೆನ್ಸರ್ ಇತ್ತು, ಅದು ಸರಕಿನ ಮಟ್ಟ ತೋರಿಸುತ್ತಿತ್ತು. ಆದರೆ ಸೈಲೊದೊಳಗೆ ಕಾಳು ನೀರಿನಂತೆ ಸಮತಟ್ಟಾಗಿ ನಿಲ್ಲುವುದಿಲ್ಲ. ಮೇಲಿನಿಂದ ನಡುವೆ ಸುರಿದಾಗ ಗುಡ್ಡೆಯಾಗುತ್ತದೆ, ಕೆಳಗಿನಿಂದ ನಡುವೆ ತೆಗೆದಾಗ ತಗ್ಗಾಗುತ್ತದೆ. ನಮ್ಮ ಸೈಲೊ ಒಂಬತ್ತು ಮೀಟರ್ ಅಗಲ, ಸುಮಾರು 500 ಟನ್ ಹಿಡಿಯುವಂಥದ್ದು. ಗುಡ್ಡೆಯ ಇಳಿಜಾರು 25 ಡಿಗ್ರಿ ಎಂದು ಹಿಡಿದರೆ ನಡುವಿನ ಗುಡ್ಡೆಯೇ ಎರಡು ಮೀಟರ್ ಎತ್ತರ, ಅದರಲ್ಲಿರುವ ಕಾಳು 30 ಟನ್ ದಾಟುತ್ತದೆ. ಸೆನ್ಸರ್ ಸರಿಯಾಗಿ ನಡುವೆ ನೋಡುತ್ತಿದ್ದರೆ ತುಂಬುವಾಗ ಹೆಚ್ಚು ತೋರಿಸುತ್ತದೆ, ತೆಗೆಯುವಾಗ ಕಡಿಮೆ. ಲೆಕ್ಕದಲ್ಲಿ ಎರಡು ಲಾರಿ ಜೋಳ ಬಂದು ಹೋಗಿಬಿಡುತ್ತದೆ.

ಇದಕ್ಕೆ ಪರಿಹಾರ ದುಬಾರಿಯೇನಲ್ಲ, ಶಾಲೆಯ ಗಣಿತ. ಶಂಕುವಿನ ಸರಾಸರಿ ಎತ್ತರ ಅದರ ತುದಿಯ ಎತ್ತರದ ಮೂರರಲ್ಲಿ ಒಂದು ಭಾಗ. ಇಳಿಜಾರಿನ ಮೇಲೆ ಆ ಎತ್ತರ ಸಿಗುವುದು ನಡುವಿನಿಂದ ಗೋಡೆಯ ಕಡೆಗೆ ಮೂರರಲ್ಲಿ ಎರಡು ಪಾಲು ದೂರದಲ್ಲಿ. ಗುಡ್ಡೆಯಾಗಲಿ ತಗ್ಗಾಗಲಿ, ಆ ಜಾಗದಲ್ಲಿ ಅಳೆದರೆ ಸಿಗುವುದು ಸರಾಸರಿ ಮಟ್ಟವೇ. ಸೆನ್ಸರನ್ನು ನಡುವಿನಿಂದ ಮೂರು ಮೀಟರ್ ಆಚೆ ಸರಿಸಿದೆವು. ಲೆಕ್ಕ ಅಕೌಂಟ್ಸ್‌ನವರು ಒಪ್ಪುವಷ್ಟು ಹತ್ತಿರ ಬಂತು.

ಪೂರ್ತಿ ಒಪ್ಪಿದರು ಎಂದಲ್ಲ. ಒಳಗೆ ಹೋದ ಜೋಳದ ಕಾಟಾ ಚೀಟಿಗಳ (ಲಾರಿ ತೂಗಿದ ಚೀಟಿ) ಮೊತ್ತದಿಂದ ಬ್ಯಾಚ್‌ನಲ್ಲಿ ಖರ್ಚಾದದ್ದನ್ನು ಕಳೆದರೆ ಸೈಲೊ ಖಾಲಿಯಾಗುವ ಹೊತ್ತಿಗೆ ಕೆಲವು ಟನ್ ಕಾಣೆ. ಕಳ್ಳತನವೇ ಎಂಬ ಗುಸುಗುಸು ಶುರುವಾಯಿತು. ಅಸಲಿಗೆ ಜೋಳ ಒಣಗಿತ್ತು. ಶೇ 14 ತೇವದಲ್ಲಿ ಒಳಗೆ ಹೋದ 100 ಟನ್ ಜೋಳ ಶೇ 12ಕ್ಕೆ ಇಳಿದು ಹೊರಬಂದರೆ ಉಳಿಯುವುದು 97.7 ಟನ್. ಉಳಿದದ್ದು ನೀರು, ಗಾಳಿಗೆ ಹೋಗಿದೆ. ಚೀಲದ ಕಾಲದಲ್ಲೂ ಇಷ್ಟೇ ಒಣಗುತ್ತಿತ್ತು, ಆದರೆ ಚೀಲದ ಸಂಖ್ಯೆ ಒಣಗುವುದಿಲ್ಲವಲ್ಲ. ಸಾವಿರ ಚೀಲ ಬಂದು ಸಾವಿರ ಚೀಲ ಹಾಪರ್‌ಗೆ ಹೋದರೆ ಲೆಕ್ಕ ಸರಿ. ಇಷ್ಟು ವರ್ಷ ಆ ಕೊರತೆ ಕಾಗದದ ಮೇಲೆ ಕಾಣಿಸಿಕೊಂಡೇ ಇರಲಿಲ್ಲ. ಈಗ ಪ್ರತಿ ಲಾರಿಯ ತೇವವನ್ನು ಕಾಟಾ ಚೀಟಿಯ ಮೇಲೇ ಬರೆಯುತ್ತೇವೆ, ಸ್ಟಾಕನ್ನು ಒಣ ತೂಕದ ಲೆಕ್ಕಕ್ಕೆ ತಂದು ಹೋಲಿಸುತ್ತೇವೆ.

ಚೀಲ ಮಾಡುತ್ತಿದ್ದ ಇನ್ನೊಂದು ಕೆಲಸ ಬೇರ್ಪಡಿಸಿ ಇಡುವುದು. ಒಂದು ಚೀಲ ಹಸಿ ಜೋಳ ಬಂದರೆ ಒಂದು ಚೀಲ ಬೂಷ್ಟು ಹಿಡಿಯುತ್ತದೆ, ಎತ್ತಿ ಪಕ್ಕಕ್ಕೆ ಇಡಬಹುದು. ಸೈಲೊದಲ್ಲಿ ಆ ಗೋಡೆ ಇಲ್ಲ. ಚಿಲ್ಲರೆ ಬೂಷ್ಟಿನ ಮಾತಲ್ಲ ಇದು. ಬೂಷ್ಟಿನಿಂದ ಬರುವ ಅಫ್ಲಾಟಾಕ್ಸಿನ್ ಬಿ1 ಎಂಬ ವಿಷ ಪಶು ಆಹಾರದಲ್ಲಿ ಕಿಲೊಗೆ 20 ಮೈಕ್ರೊಗ್ರಾಂ ಮೀರಬಾರದು ಎಂದು ಐಎಸ್ 2052 ಎಂಬ ಭಾರತೀಯ ಮಾನಕ ಹೇಳುತ್ತದೆ. ಅದು ಹಸುವಿನ ಹೊಟ್ಟೆ ಸೇರಿ ಎಂ1 ರೂಪದಲ್ಲಿ ಹಾಲಿಗೂ ಇಳಿಯುತ್ತದೆ, ಹಾಲಿನಲ್ಲಿ ಅದಕ್ಕೆ ಕಿಲೊಗೆ 0.5 ಮೈಕ್ರೊಗ್ರಾಂ ಮಿತಿ. ಹಾಗಾಗಿ ಗುಂಡಿಗೆ ಸುರಿಯುವ ಮೊದಲೇ ಲಾರಿ ಪಾಸಾಗಬೇಕು. ಮೊದಲು ಚೀಲ ಇಳಿಯುತ್ತ ಇಳಿಯುತ್ತ ಕೊಳವೆ ಚುಚ್ಚಿ ಕಾಳು ತೆಗೆದು ನೋಡುತ್ತಿದ್ದೆವು, ಹಮಾಲರ ಬೆನ್ನಿಗೇ ಹಸಿ ಚೀಲ ಗೊತ್ತಾಗುತ್ತಿತ್ತು, "ಇದ ಜಡ ಐತ್ರಿ" ಅಂತ ಬದಿಗಿಡುತ್ತಿದ್ದರು. ಈಗ ಟಿಪ್ಪರ್ ಮೇಲೆ ಹತ್ತಿ ಉದ್ದನೆಯ ಕೊಳವೆಯನ್ನು ತಳದವರೆಗೆ ಇಳಿಸಿ, ಮೂಲೆಗಳಲ್ಲೂ ನಡುವೆಯೂ ಸ್ಯಾಂಪಲ್ ತೆಗೆಯುತ್ತೇವೆ. ತಳ ಮುಟ್ಟುವುದು ಮುಖ್ಯ. ಒಣಗಿದ್ದು ಮೇಲೆ, ಹಸಿಯದ್ದು ಕೆಳಗೆ ತುಂಬುವ ಜಾಣ್ಮೆ ಮಾರುಕಟ್ಟೆಗೆ ಹೊಸದಲ್ಲ.

ಸಾಲು ತಪ್ಪದಂತೆ ಖರ್ಚು ಮಾಡುವುದೂ ಚೀಲದಲ್ಲಿ ಸುಲಭವಿತ್ತು, ಹಳೆಯ ಥಪ್ಪಿ ಮೊದಲು, ಹೊಸದು ಆಮೇಲೆ. ಸಪಾಟು ತಳದ ಸೈಲೊ ಇದಕ್ಕೆ ಪೂರ್ತಿ ಉಲ್ಟಾ. ಕೆಳಗಿನ ಗೇಟ್ ತೆರೆದರೆ ನಡುವಿನ ಒಂದು ಕಂಬದಷ್ಟು ಕಾಳು ಮಾತ್ರ ಇಳಿಯುತ್ತದೆ, ಆ ಕಂಬಕ್ಕೆ ಮೇಲ್ಮೈಯ ಕಾಳು ಜಾರಿ ಬೀಳುತ್ತದೆ. ನಿನ್ನೆ ತುಂಬಿದ್ದು ಇವತ್ತು ಹೊರಗೆ, ಸುಗ್ಗಿಯಲ್ಲಿ ತುಂಬಿದ್ದು ಗೋಡೆಯ ಬದಿಯಲ್ಲಿ ಹಾಗೇ ಕೂತಿರುತ್ತದೆ. ಮೇಲಿಂದ ಮೇಲೆ ತುಂಬುತ್ತ ಹೋದರೆ ಆ ಬದಿಯ ಜೋಳಕ್ಕೆ ವರ್ಷವಾದರೂ ಮೋಕ್ಷವಿಲ್ಲ. ಅದಕ್ಕೆ ಎರಡು ಸೈಲೊಗಳನ್ನು ಪಾಳಿಯ ಮೇಲೆ ಬಳಸುತ್ತೇವೆ. ಒಂದು ಪೂರ್ತಿ ಖಾಲಿಯಾಗದೆ ಅದಕ್ಕೆ ಮತ್ತೆ ಕಾಳು ಇಲ್ಲ. ಖರೀದಿ ವಿಭಾಗದವರಿಗೆ ಇದು ಇಂದಿಗೂ ಹಿಡಿಸಿಲ್ಲ. ಅರ್ಧ ಖಾಲಿ ಸೈಲೊ ಕಂಡರೆ ಅವರಿಗೆ ಸಂಕಟ.

ಚೀಲದ ಥಪ್ಪಿಯ ನಡುವೆ ಗಾಳಿಯಾಡುತ್ತಿತ್ತು ಎಂಬುದೂ ಆಮೇಲೆ ನೆನಪಾದ ವಿಷಯ. ಸೈಲೊದಲ್ಲಿ ಗಾಳಿಯನ್ನು ನಾವೇ ಊದಬೇಕು. ನವೆಂಬರ್‌ನ ಬಿಸಿಲಲ್ಲಿ ತುಂಬಿದ ಜೋಳ ಒಳಗೆ ಬೆಚ್ಚಗಿರುತ್ತದೆ. ಡಿಸೆಂಬರ್ ರಾತ್ರಿಗಳ ಚಳಿಗೆ ತಗಡಿನ ಗೋಡೆ, ಮಾಡು ತಣ್ಣಗಾಗುತ್ತವೆ. ನಡುವಿನ ಬಿಸಿ ಗಾಳಿ ತೇವ ಹೊತ್ತು ಮೇಲೇರಿ ಮಾಡಿನ ಕೆಳಗೆ ಹನಿಗಟ್ಟಿ ಕಾಳಿನ ಮೇಲೇ ಬೀಳುತ್ತದೆ. ಮೇಲಿನ ಪದರದಲ್ಲಿ ಮೊಳಕೆ, ಬೂಷ್ಟು. ತಂಪಾದ ಒಣ ಹೊತ್ತು ನೋಡಿ ಫ್ಯಾನ್ ಓಡಿಸಿ ಇಡೀ ರಾಶಿಯನ್ನು ಒಂದೇ ಉಷ್ಣತೆಗೆ ತರಬೇಕು. ಒಳಗೆ ಇಳಿಬಿಟ್ಟ ಉಷ್ಣತೆಯ ಕೇಬಲ್‌ಗಳಲ್ಲಿ ಯಾವುದಾದರೊಂದು ಬಿಂದು ಮಾತ್ರ ಏರುತ್ತಿದ್ದರೆ ಅಲ್ಲಿ ಕೊಳೆಯಲು ಶುರುವಾಗಿದೆ ಎಂದು ತಿಳಿಯಬೇಕು.

ತೂಕದ ಕಡೆಗೆ ಬರೋಣ. ಒಂದು ಬ್ಯಾಚ್ ಒಂದು ಟನ್, ಆರು ನಿಮಿಷಕ್ಕೊಂದು. 300 ಕಿಲೊ ಜೋಳ ಬೇಕಾದರೆ ಸ್ಕ್ರೂ ಪೂರ್ತಿ ವೇಗದಲ್ಲಿ ಓಡಿ, ಕೊನೆಯ 20 ಕಿಲೊಗೆ ನಿಧಾನವಾಗಿ, 300 ಮುಟ್ಟುವ ಸ್ವಲ್ಪ ಮೊದಲೇ ನಿಲ್ಲುತ್ತದೆ. ನಿಂತ ಮೇಲೂ ಸ್ಕ್ರೂವಿನ ಬಾಯಿಂದ ಹಾಪರ್‌ವರೆಗೆ ಗಾಳಿಯಲ್ಲಿರುವ ಕಾಳು ಬೀಳುವುದು ಇದ್ದೇ ಇದೆ. ಅದೆಷ್ಟು ಎಂದು ಪಿಎಲ್‌ಸಿ ಪ್ರತಿ ಬ್ಯಾಚ್‌ನಲ್ಲೂ ನೋಡಿ ಮುಂದಿನ ಸಲ ತಿದ್ದಿಕೊಳ್ಳುತ್ತದೆ. ಇದೆಲ್ಲ ಸಲೀಸಾಗಿ ನಡೆಯಿತು.

ಕಾಡಿದ್ದು ಖಾಲಿ ಹಾಪರ್. ಸರಕೆಲ್ಲ ಮಿಕ್ಸರ್‌ಗೆ ಬಿದ್ದ ಮೇಲೂ ಪರದೆಯ ಮೇಲೆ ಸೊನ್ನೆ ಬರುತ್ತಿರಲಿಲ್ಲ. ಕೆಲವು ಸಲ ಐದಾರು ಕಿಲೊ ಮೇಲೆ, ಕೆಲವು ಸಲ ಸೊನ್ನೆಗಿಂತ ಕೆಳಗೆ. ಲೋಡ್ ಸೆಲ್ ಕೆಟ್ಟಿದೆ ಎಂದು ಬದಲಿಸಿದರೂ ಅದೇ ಆಟ. 20 ಕಿಲೊದ ಪರೀಕ್ಷಾ ತೂಕಗಳನ್ನು ನಾಲ್ಕು ಮೂಲೆಗೂ ತೂಗುಹಾಕಿ ನೋಡಿದರೆ ಎಲ್ಲ ಸರಿ! ಕಡೆಗೆ ನಮ್ಮ ಎಲೆಕ್ಟ್ರಿಷಿಯನ್ ಹುಡುಗನೊಬ್ಬ ಗಮನಿಸಿದ, ಧೂಳು ಎಳೆಯುವ ಫ್ಯಾನ್ ಬಂದ್ ಇದ್ದಾಗ ಸೊನ್ನೆ ಸರಿಯಾಗಿ ಬರುತ್ತದೆ ಎಂದು. ಒಂದು ಟನ್ ಸರಕು ಒಮ್ಮೆಲೇ ಮಿಕ್ಸರ್‌ಗೆ ಬಿದ್ದರೆ ಅಲ್ಲಿದ್ದ ಎರಡು ಘನ ಮೀಟರ್‌ನಷ್ಟು ಗಾಳಿ ಎಲ್ಲಿಗಾದರೂ ಹೋಗಬೇಕು. ಹೋಗುವ ಫಿಲ್ಟರ್ ಧೂಳಿನಿಂದ ಕಟ್ಟಿಕೊಂಡಿತ್ತು. ಗಾಳಿ ಮೇಲಕ್ಕೆ ನುಗ್ಗಿ ಹಾಪರನ್ನೇ ಎತ್ತುತ್ತಿತ್ತು. ಇನ್ನೊಂದು ಕಡೆಯಿಂದ ಫ್ಯಾನ್ ಎಳೆಯುತ್ತಿತ್ತು. ಹಾಪರ್ ಮತ್ತು ಸ್ಕ್ರೂ ನಡುವಿನ ಕ್ಯಾನ್ವಾಸ್ ತೋಳು ಬಿಗಿಯಾಗಿ ಕಟ್ಟಿದ್ದರಿಂದ ಅದೂ ತನ್ನ ಪಾಲಿನ ತೂಕ ಸೇರಿಸುತ್ತಿತ್ತು. ಮಿಕ್ಸರ್‌ನಿಂದ ಹಾಪರ್‌ಗೆ ಗಾಳಿ ಹೋಗಿಬರಲು ಒಂದು ದಪ್ಪ ಪೈಪ್ ಹಾಕಿ, ತೋಳನ್ನು ಸಡಿಲ ಬಿಟ್ಟು, ಫಿಲ್ಟರ್ ಬದಲಿಸಿದೆವು. ಸೊನ್ನೆ ಸೊನ್ನೆಯಲ್ಲೇ ನಿಂತಿತು.

ಯೂರಿಯಾವನ್ನು ಮಾತ್ರ ಬೇಕೆಂದೇ ಕೈಗೆ ಬಿಟ್ಟಿದ್ದೇವೆ. ಟನ್ನಿಗೆ ಹೆಚ್ಚೆಂದರೆ 10 ಕಿಲೊ; ಟನ್ ತೂಗುವ ಹಾಪರಿನಲ್ಲಿ 10 ಕಿಲೊವನ್ನು ನಂಬುವಂತಿಲ್ಲ. ಹಸುವಿನ ಮೆಲುಕು ಹೊಟ್ಟೆಯಲ್ಲಿ ಯೂರಿಯಾ ಅಮೋನಿಯಾ ಆಗುತ್ತದೆ, ಪ್ರಮಾಣ ಮೀರಿದರೆ ದನ ಸಾಯುತ್ತದೆ. ಹಾಗಾಗಿ ಚಿಕ್ಕ ತಕ್ಕಡಿಯ ಮೇಲೆ ಒಬ್ಬ ತೂಗುತ್ತಾನೆ, ಆ ತೂಕ ಸರಿಯಾಗಿದ್ದರೆ ಮಾತ್ರ ಪಿಎಲ್‌ಸಿ ಬಾಗಿಲು ತೆರೆಯುತ್ತದೆ, ಸುರಿದು ಬಟನ್ ಒತ್ತಿದ ಮೇಲೆ ಬ್ಯಾಚ್ ಮುಂದುವರಿಯುತ್ತದೆ. ಒಂದೇ ಬ್ಯಾಚ್‌ಗೆ ಎರಡು ಸಲ ಸುರಿಯಲು ಬರುವುದಿಲ್ಲ. ಸಂಪೂರ್ಣ ಆಟೊಮೇಷನ್ ಅಲ್ಲವೆಂದು ನೋಡಲು ಬಂದವರು ಮೂಗು ಮುರಿಯುತ್ತಾರೆ, ಮುರಿಯಲಿ.

ನಮ್ಮ ಕಡೆ ಕರೆಂಟ್ ಎಷ್ಟು ಸಲ ಹೋಗುತ್ತದೆ ಎಂಬುದಕ್ಕಂತೂ ಲೆಕ್ಕವಿಲ್ಲ. ಕನ್ವೇಯರ್ ಸಾಲನ್ನು ಯಾವಾಗಲೂ ಕೊನೆಯಿಂದ ಚಾಲೂ ಮಾಡಬೇಕು, ಮೊದಲಿನಿಂದ ನಿಲ್ಲಿಸಬೇಕು. ಆಗ ಸರಕು ನಡುವೆ ಎಲ್ಲೂ ಉಳಿಯುವುದಿಲ್ಲ. ಕರೆಂಟ್ ಹೋದರೆ ಎಲ್ಲವೂ ಒಟ್ಟಿಗೆ ನಿಲ್ಲುತ್ತವೆ, ಎಲ್ಲದರಲ್ಲೂ ಸರಕು ತುಂಬಿಕೊಂಡೇ. ತುಂಬಿದ ಬಕೆಟ್‌ಗಳ ಭಾರಕ್ಕೆ ಎಲಿವೇಟರ್ ಬೆಲ್ಟ್ ಹಿಂದಕ್ಕೆ ಉರುಳಿ ಇದ್ದಬದ್ದ ಜೋಳವನ್ನೆಲ್ಲ ಬುಡದಲ್ಲಿ ಸುರಿದರೆ, ಬಾಗಿಲು ಬಿಚ್ಚಿ ಕೈಯಿಂದ ಬಳಿಯುವುದೇ ಗತಿ. ಹಿಂದಕ್ಕೆ ತಿರುಗದಂತೆ ತಡೆಯುವ ಬ್ಯಾಕ್‌ಸ್ಟಾಪ್ ಹಾಕಿಸಿದ ಮೇಲೆ ಆ ಕೆಲಸ ತಪ್ಪಿತು. ಪ್ರತಿ ಯಂತ್ರದ ಬಾಲದ ಶಾಫ್ಟ್‌ಗೂ ತಿರುಗುತ್ತಿದೆಯೋ ಇಲ್ಲವೋ ಎಂದು ನೋಡುವ ಸ್ವಿಚ್ ಇದೆ. ಮೋಟರ್ ಓಡುತ್ತಿದೆ ಅಂದರೆ ಬೆಲ್ಟ್ ಓಡುತ್ತಿದೆ ಎಂದಲ್ಲ. ನಿಂತ ಬೆಲ್ಟಿನ ಮೇಲೆ ಪುಲಿ ಉಜ್ಜಿ ಬಿಸಿಯಾದರೆ, ಸುತ್ತ ಜೋಳದ ಧೂಳು ಇರುವಲ್ಲಿ, ಅದು ಸ್ಫೋಟಕ್ಕೇ ಆಹ್ವಾನ.

2023ರ ಡಿಸೆಂಬರ್‌ನಲ್ಲಿ ವಿಜಯಪುರದ ಒಂದು ಆಹಾರ ಸಂಸ್ಕರಣಾ ಘಟಕದಲ್ಲಿ ಗೋವಿನಜೋಳದ ಅಡಿ ಸಿಲುಕಿ ಬಿಹಾರದಿಂದ ಬಂದಿದ್ದ ಏಳು ಕಾರ್ಮಿಕರು ಸತ್ತರು. ಅದಾದ ಮೇಲೆ ನಮ್ಮಲ್ಲಿ ಸೈಲೊ ಒಳಗೆ ಇಳಿಯುವ ವಿಷಯದಲ್ಲಿ ಯಾರೂ ವಾದಕ್ಕಿಳಿದಿಲ್ಲ. ಕೆಳಗಿನ ಗೇಟ್ ತೆರೆದಿದ್ದರೆ ಮೇಲೆ ನಿಂತ ಮನುಷ್ಯನನ್ನು ಕಾಳು ಕೆಲವೇ ಸೆಕೆಂಡಿನಲ್ಲಿ ಒಳಗೆಳೆಯುತ್ತದೆ. ಇಳಿಯುವವನು ಮೊದಲು ಪ್ಯಾನೆಲ್‌ಗೆ ತನ್ನ ಬೀಗ ಹಾಕಿ, ಕೀಲಿಯನ್ನು ತನ್ನ ಜೇಬಿನಲ್ಲೇ ಇಟ್ಟುಕೊಂಡು ಇಳಿಯಬೇಕು. ಸೊಂಟಕ್ಕೆ ಹಗ್ಗ, ಮೇಲೆ ಒಬ್ಬ ಕಾವಲು. ಮ್ಯಾನೇಜರ್ ಬಂದು ಕೇಳಿದರೂ ಕೀಲಿ ಕೊಡಬಾರದು.

ಇನ್ನು ಹಮಾಲರ ವಿಷಯ ಹೇಳುವುದು ಉಳಿಯಿತು. ಅವರ ಕೂಲಿ ಚೀಲದ ಲೆಕ್ಕದ್ದು. ಚೀಲವೇ ಇಲ್ಲವೆಂದ ಮೇಲೆ ಏನನ್ನು ಎಣಿಸಬೇಕು? ಈ ಪ್ರಶ್ನೆಯನ್ನು ಮೊದಲು ಎತ್ತಿದ್ದೂ ಮುಕಾದಮ ಕಾಕಾನೇ. "ಟನ್ ಮ್ಯಾಲೆ ಕೊಡೂಣು ಕಾಕಾ" ಅಂದೆ. "ಟನ್ ನಿಮ್ಮ ಕಾಟಾದಾಗ ಕಾಣತೈತಿ ಸರ, ನಮ್ಮ ಕಣ್ಣಿಗೆ ಚೀಲ ಅಷ್ಟ ಕಾಣೂದು" ಅಂದರು. ಕಾಟಾ ಚೀಟಿಯ ಒಂದು ಪ್ರತಿ ಅವರ ಕೈಗೂ ಹೋಗಬೇಕೆಂದು ಒಪ್ಪಂದವಾಯಿತು. ಎಲ್ಲರಿಗೂ ಕೆಲಸ ಉಳಿಯಲಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಕೆಲವರು ಎಪಿಎಂಸಿಗೆ ಹೋದರು; ವಯಸ್ಸಾದ ಇಬ್ಬರು ಮೂವರು ಊರಿಗೆ. ಉಳಿದವರಲ್ಲಿ ಹೆಚ್ಚಿನವರು ತಯಾರಾದ ಫೀಡಿನ ಚೀಲಗಳನ್ನು ಲಾರಿಗೆ ಲೋಡ್ ಮಾಡುತ್ತಾರೆ, ಅದು ಇನ್ನೂ ಬೆನ್ನಿನ ಕೆಲಸವೇ. ಇಬ್ಬರು ಹುಡುಗರು ಆಪರೇಟರ್ ಆಗಿದ್ದಾರೆ. ಬಿನ್ನಿನ ಸದ್ದು ಕೇಳಿಯೇ ಒಳಗೆ ಏನಾಗಿದೆ ಎಂದು ಹೇಳುವುದರಲ್ಲಿ ಡಿಪ್ಲೊಮಾ ಮುಗಿಸಿ ಬಂದವರಿಗಿಂತ ಅವರು ಮುಂದು.

ಚೀಲವೂ ಪೂರ್ತಿ ಹೋಗಿಲ್ಲ. ಎಪಿಎಂಸಿಯಲ್ಲಿ ವ್ಯಾಪಾರ ಇಂದಿಗೂ ಚೀಲದಲ್ಲೇ. ದೊಡ್ಡ ವ್ಯಾಪಾರಿಗಳು ಗೋಣಿಚೀಲದ ಖರ್ಚು ಉಳಿಯುತ್ತದೆಂದು ಟಿಪ್ಪರ್‌ನಲ್ಲಿ ಸಡಿಲು ಜೋಳ ಕಳಿಸುತ್ತಾರೆ, ಸಣ್ಣವರ ಲಾರಿ ಚೀಲ ಹೇರಿಕೊಂಡೇ ಬರುತ್ತದೆ. ಆಗ ಗುಂಡಿಯ ಜಾಲರಿ ಮೇಲೆ ಚೀಲ ಸೀಳಿ ಸುರಿಯುತ್ತಾರೆ. ಹೊಲಿಗೆಯ ದಾರ ಒಳಗೆ ಬಿದ್ದರೆ ಸ್ಕ್ರೂ ಶಾಫ್ಟಿಗೆ ಸುತ್ತಿಕೊಂಡು ಬೇರಿಂಗ್ ತಿನ್ನುತ್ತದೆ, ಅದಕ್ಕೆ ದಾರ ಹಾಕಲು ಜಾಲರಿಯ ಪಕ್ಕ ಒಂದು ಡ್ರಮ್ ಇಟ್ಟಿದ್ದೇವೆ. ಮ್ಯಾಗ್ನೆಟ್‌ಗೆ ವಾರಕ್ಕೊಮ್ಮೆ ಮೊಳೆ, ನಟ್ಟು, ಒಮ್ಮೊಮ್ಮೆ ಯಾರದೋ ಹಮಾಲಿ ಕೊಕ್ಕೆ ಸಿಗುತ್ತದೆ.

ಮುಂದಿನದು ಕ್ಯಾಲ್ಸೈಟ್. ಅದನ್ನು ಒಂದು ಟನ್ನಿನ ಜಂಬೊ ಬ್ಯಾಗಿನಲ್ಲಿ ತರಿಸಿ, ಎಲೆಕ್ಟ್ರಿಕ್ ಹಾಯ್ಸ್ಟ್‌ನಿಂದ ಎತ್ತಿ ಬಿನ್ನಿನ ಮೇಲೆ ಬಿಚ್ಚುವ ಏರ್ಪಾಡು ಮಳೆಗಾಲ ಮುಗಿದ ಮೇಲೆ ಆಗಬೇಕು. ಹಾಯ್ಸ್ಟ್ ಆರ್ಡರ್ ಹೋಗಿದೆ. ಸುದ್ದಿ ಗೋದಾಮು ಮುಟ್ಟಿದ ಮರುದಿನವೇ ಕಾಕಾ ಆಫೀಸಿನ ಬಾಗಿಲಲ್ಲಿ ನಿಂತಿದ್ದರು. "ಸರ, ಒಂದ್ ಜಂಬೊ ಬ್ಯಾಗ್ ಅಂದ್ರ ಎಷ್ಟ್ ಚೀಲ ಅಂತ ಹಿಡಿಯೂದ್ರಿ?" ಅವರು ಇಪ್ಪತ್ತು ಅನ್ನುತ್ತಿದ್ದಾರೆ, ಮಾಲೀಕರು ಹಾಯ್ಸ್ಟ್ ಎತ್ತುವುದಕ್ಕೆ ಹಮಾಲಿ ಯಾಕೆ ಅನ್ನುತ್ತಿದ್ದಾರೆ. ಸದ್ಯಕ್ಕೆ ಮಾತುಕತೆ ಎಂಟರ ಹತ್ತಿರ ನಿಂತಿದೆ.